ಶಾಕ್ ಕೊಟ್ಟರೆ ಬುದ್ಧಿಯೇ ಹೋಗುತ್ತಾ?

ಕರೆಂಟ್ ಟ್ರೀಟ್‌ಮೆಂಟ್ ಆದವರು ಮನೆಯವರನ್ನೇ ಮರೆತುಬಿಡುತ್ತಾರೆ, ಮತ್ತೆ ಸರಿಹೋಗಲ್ಲ ಅನ್ನೋ ಮೆಸೇಜ್ ವಾಟ್ಸಾಪ್‌ನಲ್ಲಿ ಸುತ್ತುತ್ತಲೇ ಇರುತ್ತದೆ. ಇದು ತಪ್ಪು. ಹಾಗಂತ ಕಳಿಸಿದವರನ್ನು ಬೈಯುವಂತಿಲ್ಲ, ಯಾಕೆಂದರೆ ಇಸಿಟಿ (ತೀವ್ರ ಮಾನಸಿಕ ಕಾಯಿಲೆಗೆ ತಲೆಗೆ ಕರೆಂಟ್ ಹಾಯಿಸಿ ಕೊಡುವ ಇದೇ ಚಿಕಿತ್ಸೆ) ಆದ ಕೂಡಲೇ ರೋಗಿಯನ್ನು ನೋಡಿದರೆ ಯಾರಿಗಾದರೂ ಗಾಬರಿ ಆಗುತ್ತದೆ. ಕಣ್ಣು ಬಿಟ್ಟು 'ಇದ್ಯಾವ ಜಾಗ?' ಅಂತಾರೆ. ಹೇಳಿದ ಎರಡು ನಿಮಿಷಕ್ಕೆ ಮತ್ತೆ ಅದನ್ನೇ ಕೇಳುತ್ತಾರೆ.

ಅರಿವಳಿಕೆಯ ಮಂಪರು ಒಂದು ಕಾರಣ, ಚಿಕಿತ್ಸೆಗೆಂದೇ ಬರಿಸುವ ಫಿಟ್ಸ್ ಇನ್ನೊಂದು. ಫಿಟ್ಸ್ ಬಂದ ಯಾರಿಗಾದರೂ ಸ್ವಲ್ಪ ಹೊತ್ತು ಹೀಗಾಗುತ್ತದೆ ಅಲ್ವಾ? ಸಾಮಾನ್ಯವಾಗಿ ಕೆಲವು ನಿಮಿಷದಿಂದ ಒಂದೆರಡು ಗಂಟೆಯೊಳಗೆ ತಿಳಿಯಾಗುತ್ತದೆ, ವಯಸ್ಸಾದವರಿಗೆ ಜಾಸ್ತಿ ಹೊತ್ತು ಬೇಕಾಗಬಹುದು. ತಲೆಯ ಎರಡೂ ಬದಿಗೆ ಕೊಡುವ ಬದಲು ಬಲಬದಿಗೆ ಮಾತ್ರ ಕೊಟ್ಟರೆ ಗೊಂದಲ ಕಡಿಮೆ.

ಮರೆವು ಬೇರೆ ವಿಷಯ, ಅದನ್ನು ಮುಚ್ಚಿಡಬಾರದು. ಚಿಕಿತ್ಸೆಯ ಆಸುಪಾಸಿನ ವಾರ, ತಿಂಗಳುಗಳ ಕೆಲವು ನೆನಪು ಕೆಲವರಿಗೆ ವಾಪಸ್ ಬರುವುದಿಲ್ಲ. ಹೊಸದನ್ನು ನೆನಪಿಟ್ಟುಕೊಳ್ಳುವ ಶಕ್ತಿ ಹೆಚ್ಚಿನವರಿಗೆ ಕೆಲವು ವಾರಗಳಲ್ಲಿ ಮರಳುತ್ತದೆ.

ಮೆಸೇಜ್ ಬಂದಾಗ ಒಂದು ಕೆಲಸ ಮಾಡಿ. ಯಾವ ನೆನಪು, ಎಷ್ಟು ದಿನ ಅಂತ ಬರೆದಿದೆಯಾ, ಅಥವಾ ಸುಮ್ನೆ 'ಬುದ್ಧಿ ಹೋಗುತ್ತೆ' ಅಂತಷ್ಟೇನಾ ನೋಡಿ. ಜೊತೆಗಿರುವ ವಿಡಿಯೋದಲ್ಲಿ ರೋಗಿ ಎಚ್ಚರವಾಗಿದ್ದು ಒದ್ದಾಡುತ್ತಿದ್ದರೆ ಅದು ಸಿನಿಮಾ ದೃಶ್ಯ ಇರಬಹುದು, ಇಲ್ಲವೇ ಹಳೇ ಕಾಲದ್ದು. 1938ರಲ್ಲಿ ಶುರುವಾದಾಗ ಅರಿವಳಿಕೆ ಇಲ್ಲದೆಯೇ ಕೊಡುತ್ತಿದ್ದರು. ಮನೆಯಲ್ಲೇ ಯಾರಿಗಾದರೂ ಇಸಿಟಿ ಹೇಳಿದ್ದರೆ, ಸಹಿ ಹಾಕುವ ಮುಂಚೆ ಒಪ್ಪಿಗೆ ಪತ್ರ ಪೂರ್ತಿ ಓದಿ, 'ಎರಡೂ ಬದಿಗಾ, ಒಂದೇ ಬದಿಗಾ?' ಅಂತ ಡಾಕ್ಟರನ್ನೇ ಕೇಳಿ.