ನಾಟಕದ ಸರ್ಟಿಫಿಕೇಟ್ ಕೋರ್ಸ್ ಎಂ.ಎ.ಗೆ ಸಮ ಅಲ್ಲ, ದಯವಿಟ್ಟು ಓದಿ

ಮಾಟುಂಗ, ಡೊಂಬಿವಲಿ ಕಡೆಯ ನಮ್ಮ ಕನ್ನಡ ವಾಟ್ಸಾಪ್ ಗ್ರೂಪುಗಳಲ್ಲಿ ಒಂದು ಮೆಸೇಜ್ ಓಡಾಡ್ತಿದೆ, ಯೂನಿವರ್ಸಿಟಿಯಲ್ಲಿ ನಾಟಕದ್ದೋ ಟೆಕ್ನಿಕಲ್ ರೈಟಿಂಗ್‌ದೋ (ಯಂತ್ರ, ಸಾಫ್ಟ್‌ವೇರ್ ಬಳಸೋದು ಹೇಗಂತ ಬರೆಯೋ ಕೆಲಸ) ಸರ್ಟಿಫಿಕೇಟ್ ಕೋರ್ಸ್ ಮಾಡಿದ್ರೆ ಅದು ಎಂ.ಎ.ಗೆ ಸಮ, ನೆಟ್ (ಲೆಕ್ಚರರ್ ಆಗೋಕೆ ಇರೋ ರಾಷ್ಟ್ರೀಯ ಅರ್ಹತಾ ಪರೀಕ್ಷೆ) ಬರೆದು ಲೆಕ್ಚರರ್ ಆಗ್ಬಹುದು ಅಂತ. ಮೊನ್ನೆ ನಾನೂ ಪೂರ್ತಿ ಓದದೇ ಫಾರ್ವರ್ಡ್ ಮಾಡ್ಬಿಟ್ಟೆ, ತಪ್ಪಾಯ್ತು, ಕ್ಷಮಿಸಿ.

ಅದು ನಿಜ ಅಲ್ಲ. ಯಾವುದು ಡಿಗ್ರಿ ಅನ್ನೋದಕ್ಕೆ 1956ರ ಯುಜಿಸಿ (ಯೂನಿವರ್ಸಿಟಿಗಳ ಮಟ್ಟ ನೋಡ್ಕೊಳ್ಳೋ ಕೇಂದ್ರದ ಆಯೋಗ) ಕಾಯ್ದೆಯ 22ನೇ ಸೆಕ್ಷನ್ ಇದೆ, ಸರ್ಟಿಫಿಕೇಟ್ ಡಿಗ್ರಿ ಅಲ್ಲ. ನೆಟ್‌ನಲ್ಲಿ ನಾಟಕ ಸಬ್ಜೆಕ್ಟ್ ಇರೋದು ಹೌದು, ಆದ್ರೆ ಅಸಿಸ್ಟೆಂಟ್ ಪ್ರೊಫೆಸರ್ ಆಗೋಕೆ ಮಾಸ್ಟರ್ಸ್‌ನಲ್ಲಿ 55% ಬೇಕು, ಎಸ್‌ಸಿ, ಎಸ್‌ಟಿ, ಒಬಿಸಿ (ನಾನ್-ಕ್ರೀಮಿ ಲೇಯರ್), ಅಂಗವಿಕಲರಿಗೆ 50%. ಕಲೀನಾ ಕ್ಯಾಂಪಸ್‌ನಲ್ಲಿ ಮುಂಬೈ ಯೂನಿವರ್ಸಿಟಿಯ ಅಕಾಡೆಮಿ ಆಫ್ ಥಿಯೇಟರ್ ಆರ್ಟ್ಸ್‌ನಲ್ಲಿರೋ ಎರಡು ವರ್ಷದ ಕೋರ್ಸು ಮಾಸ್ಟರ್ಸ್, ಅದೂ ಈ ಸರ್ಟಿಫಿಕೇಟ್ ಕೋರ್ಸೂ ಒಂದೇ ಅಂದ್ಕೋಬೇಡಿ.

ಹಾಗಂತ ಸರ್ಟಿಫಿಕೇಟ್ ವೇಸ್ಟ್ ಅಂತ ಹೇಳ್ತಿಲ್ಲ. ಕೆಲಸ ಮಾಡ್ಕೊಂಡೇ ನಟನೆ, ಬೆಳಕು, ರಂಗಸಜ್ಜಿಕೆ ಕಲಿಯೋರಿಗೆ ಒಳ್ಳೇದೇ, ಟೆಕ್ನಿಕಲ್ ರೈಟಿಂಗ್ ಕಲಿತೋರು ತಾವು ಬರೆದ ಮ್ಯಾನ್ಯುಯಲ್ ಸ್ಯಾಂಪಲ್ ಇಂಟರ್ವ್ಯೂನಲ್ಲಿ ತೋರಿಸ್ಬಹುದು. ಆದ್ರೆ ಎಂ.ಎ. ಬಿಟ್ಟು ಇದಕ್ಕೆ ಸೇರೋಕೆ ಹೊರಟಿರೋ ಮಕ್ಕಳಿದ್ರೆ ಫೀಸ್ ಕಟ್ಟೋ ಮುಂಚೆ ಈ ವಿಷಯ ಹೇಳಿ, ಆ ಮೆಸೇಜ್ ಮುಂದೆ ಕಳಿಸ್ಬೇಡಿ, ಕಳಿಸಿದ್ರೆ ಡಿಲೀಟ್ ಮಾಡಿ.