ಪ್ಯಾರಿಸ್ಸಿನ ಚಾತುರ್ಮಾಸ್ಯ

ಆಗಸ್ಟಿನಲ್ಲಿ ಪ್ಯಾರಿಸ್ ನೋಡಲು ಬರುತ್ತೇವೆ ಎಂದು ಫೋನ್ ಮಾಡುವ ನೆಂಟರಿಗೆ ನಾನು ಹೇಳುವುದು ಒಂದೇ ಮಾತು: ಧಾರಾಳವಾಗಿ ಬನ್ನಿ, ಬರುವಾಗ ಬುತ್ತಿ ಕಟ್ಟಿಕೊಂಡು ಬನ್ನಿ. ಅವರು ನಗುತ್ತಾರೆ. ಜಗತ್ತಿಗೆ ರೆಸ್ಟೋರೆಂಟ್ ಎಂಬ ಹೆಸರನ್ನೇ ಕೊಟ್ಟ ಊರಿಗೆ ಚಟ್ನಿಪುಡಿ ಹೊತ್ತುಕೊಂಡು ಹೋಗುವುದೇ ಎಂದು ನನ್ನ ಜಿಪುಣತನವನ್ನು ಆಡಿಕೊಳ್ಳುತ್ತಾರೆ. ಬಂದಿಳಿದ ಮರುದಿನ ಮಧ್ಯಾಹ್ನ, ಬೀಗ ಹಾಕಿದ ಮೂರನೆಯ ಬಾಗಿಲಿನ ಮುಂದೆ ನಿಂತು, ಗೊಜ್ಜವಲಕ್ಕಿಯನ್ನಾದರೂ ತರಬೇಕಿತ್ತು ಎಂದು ತಾವಾಗಿಯೇ ಹೇಳುತ್ತಾರೆ.

2010ರಲ್ಲಿ ಯುನೆಸ್ಕೊ ಫ್ರೆಂಚರ ಊಟದ ಪದ್ಧತಿಯನ್ನು ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಅದು ಎಷ್ಟರಮಟ್ಟಿಗೆ ಅಮೂರ್ತ ಎಂಬುದು ತಿಳಿಯಬೇಕಾದರೆ ಆಗಸ್ಟಿನಲ್ಲಿಯೇ ಬರಬೇಕು. ಪ್ರವಾಸಿಗರು ದಂಡುದಂಡಾಗಿ ಬಂದಿಳಿಯುವ ಕಾಲವನ್ನೇ ಆರಿಸಿಕೊಂಡು ಇಲ್ಲಿನ ಅಡುಗೆಯವರು ಒಲೆ ಆರಿಸುತ್ತಾರೆ. ಐಫೆಲ್ ಗೋಪುರದ ಆಸುಪಾಸಿನಲ್ಲಿ ಕೆಲವು ಹೋಟೆಲುಗಳು ತೆರೆದಿರುತ್ತವೆ, ನಿಜ. ಅಲ್ಲಿ ಊಟವು ಫ್ರೀಜರಿನಿಂದ ಮೈಕ್ರೋವೇವಿಗೂ ಮೈಕ್ರೋವೇವಿನಿಂದ ನಿಮ್ಮ ತಟ್ಟೆಗೂ ಯಾರ ಕೈಗೂ ಹೆಚ್ಚು ತೊಂದರೆ ಕೊಡದೆ ಬಂದು ಸೇರುತ್ತದೆ. ಇದು ನಮ್ಮಲ್ಲಿಯೇ ಬೇಯಿಸಿದ್ದು ಎಂದು ಹೇಳಿಕೊಳ್ಳಲು 2014ರಲ್ಲಿ ಸರ್ಕಾರ ಒಂದು ಮುದ್ರೆಯನ್ನೇ ಹೊರತಂದಿತು: ಬಾಣಲೆ, ಅದರ ಮೇಲೊಂದು ಮನೆಯ ಸೂರು. ಹೋಟೆಲಿನವನು ಅಡುಗೆ ಮಾಡುತ್ತಾನೆ ಎಂದು ಮುದ್ರೆ ಒತ್ತಿ ನಂಬಿಸಬೇಕಾದ ದೇಶದ ಪಾಕಶಾಸ್ತ್ರಕ್ಕೆ ನನ್ನ ನಮಸ್ಕಾರ.

ಮುಚ್ಚಿದ ಹೋಟೆಲುಗಳ ಮೇಲೆ ಒಂದು ಚೀಟಿ ಇರುತ್ತದೆ. ಆಗಸ್ಟಿನಲ್ಲಿ ಈ ಊರಿನಲ್ಲಿ ಓದಲು ಸಿಗುವ ಸಾಹಿತ್ಯವೆಂದರೆ ಅದೊಂದೇ. ವಾರ್ಷಿಕ ರಜೆ, ತಿಂಗಳ ಆರಂಭದಿಂದ ಕೊನೆಯವರೆಗೆ, ಸೆಪ್ಟೆಂಬರಿನಲ್ಲಿ ಕಾಣೋಣ, ನಿಮಗೂ ರಜೆ ಸುಖವಾಗಿರಲಿ. ಮೂಲೆಯಲ್ಲಿ ಒಂದು ಸೂರ್ಯ, ಒಂದು ಕೊಡೆ. ಕ್ಷಮಿಸಿ ಎಂಬ ಪದವನ್ನು ಭೂತಗನ್ನಡಿ ಹಿಡಿದು ಹುಡುಕಿದರೂ ಸಿಗುವುದಿಲ್ಲ. ಚೀಟಿ ಬರೆದವನ ಊಹೆಯ ಪ್ರಕಾರ ಅದನ್ನು ಓದಬೇಕಾದವರೂ ಊರಲ್ಲಿಲ್ಲ. ಹಾಗಾದರೆ ಬರೆದದ್ದು ಯಾರಿಗಾಗಿ? ನನಗೆ ಮತ್ತು ಪಾರಿವಾಳಗಳಿಗೆ.

ಹೋಟೆಲಿಗೆ ರಜೆ ಇರಬಾರದು ಎಂದು ವಾದಿಸುವ ಮನುಷ್ಯ ನಾನಲ್ಲ. ಶುಕ್ರವಾರ ವಿದ್ಯಾರ್ಥಿ ಭವನ ಇಲ್ಲ, ಸೋಮವಾರ ಲಾಲ್‌ಬಾಗ್ ರಸ್ತೆಯ ಎಂಟಿಆರ್ ಇಲ್ಲ ಎಂಬುದನ್ನು ಪಂಚಾಂಗದಂತೆ ಬಾಯಿಪಾಠ ಮಾಡಿಕೊಂಡು ಬೆಳೆದವರು ನಾವು. ಆದರೆ ಅಲ್ಲಿ ಒಂದು ಮುಚ್ಚಿದ ದಿನ ಇನ್ನೊಂದು ತೆರೆದಿರುತ್ತದೆ. ಇಲ್ಲಿ ಹೋಟೆಲು, ಮಾಂಸದಂಗಡಿ, ಗಡಿಯಾರ ರಿಪೇರಿ, ಹಲ್ಲಿನ ಡಾಕ್ಟರು ಎಲ್ಲರಿಗೂ ಒಂದೇ ಮುಹೂರ್ತ. ನಮ್ಮ ಮಠಗಳ ಸ್ವಾಮಿಗಳು ಚಾತುರ್ಮಾಸ್ಯದಲ್ಲಿ ಕುಳಿತ ಊರು ಬಿಟ್ಟು ಕದಲುವುದಿಲ್ಲ. ಪ್ಯಾರಿಸ್ಸಿನವರದೂ ಹೆಚ್ಚುಕಡಿಮೆ ಅದೇ ಕಾಲದ ವ್ರತ, ಅಷ್ಟೇ ನಿಷ್ಠೆಯ ವ್ರತ. ಇವರು ಊರಲ್ಲಿ ಇರುವುದಿಲ್ಲ. ಇದ್ದರೆ ಮೈಲಿಗೆ.

ಕಾನೂನನ್ನು ದೂರಬೇಡಿ. 1936ರಲ್ಲಿ ಲಿಯೋಂ ಬ್ಲುಮ್ ಸರ್ಕಾರ ದುಡಿಯುವವರಿಗೆಲ್ಲ ಸಂಬಳ ಸಹಿತ ಎರಡು ವಾರದ ರಜೆ ಕೊಟ್ಟಿತು. ಸಮುದ್ರವನ್ನೇ ಕಾಣದಿದ್ದ ಕೂಲಿಕಾರರು ಸೈಕಲ್ ಹತ್ತಿ ಹೊರಟರು. ಅದನ್ನು ಅಣಕಿಸುವವನ ನಾಲಗೆ ಬಿದ್ದುಹೋಗಲಿ. ಆ ಎರಡು ವಾರ ಬೆಳೆದು 1982ರ ಹೊತ್ತಿಗೆ ಐದಾಯಿತು. ಇದರ ದೊಡ್ಡ ಪಾಲನ್ನು ಮೇ 1ರಿಂದ ಅಕ್ಟೋಬರ್ 31ರೊಳಗೆ ಯಾವಾಗ ಬೇಕಾದರೂ ತೆಗೆದುಕೊಳ್ಳಬಹುದು. ಕಾನೂನು ಆರು ತಿಂಗಳು ಬಿಟ್ಟುಕೊಟ್ಟರೂ ಜನ ಒಂದೇ ತಿಂಗಳಿಗೆ ಮುಗಿಬೀಳುತ್ತಾರೆ. ಸ್ವಾತಂತ್ರ್ಯ ಬೇಕೆಂದು ರಾಜನ ತಲೆ ತೆಗೆದ ಜನ, ಜೂನ್ ತಿಂಗಳಲ್ಲಿ ರಜೆ ಹಾಕುವಷ್ಟು ಸ್ವತಂತ್ರರಾಗಿಲ್ಲ.

ಮೊದಲ ಶನಿವಾರ ಹೆದ್ದಾರಿಗಳನ್ನು ನೋಡಬೇಕು. ಜುಲೈ ರಜೆಯವರು ಮರಳುತ್ತಾರೆ, ಆಗಸ್ಟಿನವರು ಹೊರಡುತ್ತಾರೆ, ದೇಶದಾದ್ಯಂತ ನೂರಾರು ಕಿಲೋಮೀಟರ್ ಕಾರುಗಳು ಅಲುಗಾಡದೆ ನಿಲ್ಲುತ್ತವೆ. ಈ ಕಾಲಜ್ಞಾನವನ್ನು ಮುಂಚಿತವಾಗಿ ನುಡಿಯಲು 1976ರಿಂದ ಒಂದು ಸರ್ಕಾರಿ ವ್ಯವಸ್ಥೆಯಿದೆ. ಅದರ ಹೆಸರು ‘ಬಿಸೋಂ ಫ್ಯುತೆ’, ಅಂದರೆ ಜಾಣ ಕಾಡುಕೋಣ. ಹಸಿರು, ಕಿತ್ತಳೆ, ಕೆಂಪು, ಕಪ್ಪು ಎಂದು ದಿನಗಳಿಗೆ ಬಣ್ಣ ಹಚ್ಚುವುದು ಅದರ ಉದ್ಯೋಗ. ಕಪ್ಪು ದಿನ ಹೊರಡಬೇಡಿ ಎಂದು ಕೋಣ ಹೇಳುತ್ತದೆ. ಎಲ್ಲರೂ ಭಕ್ತಿಯಿಂದ ಕೇಳಿ, ಕಪ್ಪು ದಿನವೇ ಹೊರಡುತ್ತಾರೆ. ಯಾರು ಜಾಣರು ಎಂಬ ಪ್ರಶ್ನೆಗೆ ಹೆಸರಿನಲ್ಲಿಯೇ ಉತ್ತರವಿದೆ.

ಬ್ರೆಡ್ಡಿನ ವಿಷಯದಲ್ಲಿ ಮಾತ್ರ ಇಲ್ಲಿನ ಸರ್ಕಾರಗಳು ಬಹುಕಾಲ ಎಚ್ಚರವಾಗಿದ್ದವು. ಎಚ್ಚರಕ್ಕೆ ಕಾರಣವಿತ್ತು. 1789ರ ಅಕ್ಟೋಬರ್ 5ರಂದು ಬ್ರೆಡ್ ಸಿಗದೆ ರೇಗಿದ ಪ್ಯಾರಿಸ್ಸಿನ ಹೆಂಗಸರು ವರ್ಸೇಲ್ಸ್ ಅರಮನೆಗೆ ನಡೆದೇ ಹೋದರು. ಮರುದಿನ ರಾಜ, ರಾಣಿ, ಎಳೆಯ ಯುವರಾಜ ಮೂವರನ್ನೂ ಊರಿಗೆ ಎಳೆದು ತಂದರು. ಬೇಕರಿಯವನನ್ನು, ಅವನ ಹೆಂಡತಿಯನ್ನು, ಬೇಕರಿಯ ಹುಡುಗನನ್ನು ತಂದಿದ್ದೇವೆ ಎಂದು ದಾರಿಯುದ್ದಕ್ಕೂ ಕೂಗಿದರೆಂದು ಇತಿಹಾಸ ಹೇಳುತ್ತದೆ. ಬೇಕರಿ ಬಾಗಿಲು ಹಾಕಿದರೆ ಸಿಂಹಾಸನಕ್ಕೂ ಬಾಗಿಲು ಬೀಳುತ್ತದೆ ಎಂಬುದು ಅಂದಿನಿಂದ ಎಲ್ಲ ಆಳುವವರಿಗೂ ಮನದಟ್ಟಾಯಿತು. ಕ್ರಾಂತಿಯ ಕಾಲದಿಂದ ಬಂದ ಕಟ್ಟಳೆಯ ಬಲದಿಂದ, ಪ್ಯಾರಿಸ್ಸಿನ ಬೇಕರಿಗಳು ಒಟ್ಟಿಗೆ ಮುಚ್ಚುವಂತಿರಲಿಲ್ಲ. ಅರ್ಧದಷ್ಟು ಜುಲೈಯಲ್ಲಿ, ಇನ್ನರ್ಧ ಆಗಸ್ಟಿನಲ್ಲಿ ರಜೆ ಹೋಗಬೇಕು. ಹೋಗುವವನು ಹತ್ತಿರದಲ್ಲಿ ತೆರೆದಿರುವ ಬೇಕರಿ ಯಾವುದೆಂದು ಬಾಗಿಲ ಮೇಲೆ ಬರೆದು ಹೋಗಬೇಕು. ಎಂಥ ಸೊಗಸಾದ ನಿಯಮ! ಇಡೀ ಗಣರಾಜ್ಯದಲ್ಲಿ ಹೊಟ್ಟೆಯ ಪರವಾಗಿದ್ದ ಏಕೈಕ ಕಾನೂನು. 2015ರ ಬೇಸಗೆಗೆ ಮುಂಚೆ, ಆಡಳಿತವನ್ನು ಸರಳಗೊಳಿಸುವ ಹೆಸರಿನಲ್ಲಿ, ಅದನ್ನೂ ಸಡಿಲಿಸಿದರು. ಆಡಳಿತ ಸರಳವಾಯಿತು, ಬ್ಯಾಗೆಟ್‌ಗಾಗಿ ಮೂರು ಬೀದಿ ಅಲೆಯುವ ಕೆಲಸ ನಮಗೆ ಬಂತು. ಅನ್ನ ಸಾರಿನ ಮಾತು ಎತ್ತುವಂತೆಯೇ ಇಲ್ಲ. ಅದಕ್ಕಾಗಿ ಇಲ್ಲಿ ಯಾರೂ ಕ್ರಾಂತಿ ಮಾಡಿಲ್ಲ.

ನಗುವುದು ಸುಲಭ. ಆದರೆ 2003ರ ಆಗಸ್ಟಿನಲ್ಲಿ ಇದೇ ರಜೆಯ ನಡುವೆ ಬಿಸಿಲು ಕೆಂಡವಾಯಿತು. ಡಾಕ್ಟರು ರಜೆಯಲ್ಲಿ, ನೆರೆಯವರು ರಜೆಯಲ್ಲಿ, ಮಕ್ಕಳು ಕಡಲತೀರದಲ್ಲಿ. ದೇಶದಲ್ಲಿ ಸುಮಾರು 15,000 ಮಂದಿ ಸತ್ತರು, ಹೆಚ್ಚಿನವರು ಒಂಟಿ ಮುದುಕರು, ಮುದುಕಿಯರು. ಆರೋಗ್ಯ ಸಚಿವರು ರಜೆಯ ಮನೆಯ ತೋಟದಲ್ಲಿ ಟೀ ಶರ್ಟ್ ತೊಟ್ಟು ನಿಂತು, ಎಲ್ಲವೂ ಹತೋಟಿಯಲ್ಲಿದೆ ಎಂಬ ಧಾಟಿಯಲ್ಲಿ ಟಿವಿಗೆ ಮಾತನಾಡಿದರು. ಅಧ್ಯಕ್ಷ ಶಿರಾಕ್ ಕೆನಡಾದ ಕ್ವೆಬೆಕ್‌ನಲ್ಲಿ ವಿಶ್ರಾಂತಿಯಲ್ಲಿದ್ದರು. ಯಾರೂ ಕೇಳಿಕೊಂಡು ಬಾರದ 57 ಶವಗಳನ್ನು ಸೆಪ್ಟೆಂಬರ್ 3ರಂದು ಪ್ಯಾರಿಸ್ಸಿನ ಹೊರವಲಯದ ಸ್ಮಶಾನದಲ್ಲಿ ಮಣ್ಣು ಮಾಡಿದಾಗ ಅಧ್ಯಕ್ಷರು ಖುದ್ದಾಗಿ ಬಂದು ನಿಂತರು. ಅಷ್ಟರಲ್ಲಿ ರಜೆ ಮುಗಿದಿತ್ತು.

ಪ್ರಾಯಶ್ಚಿತ್ತ ಬೇಡವೇ? 2004ರಲ್ಲಿ ಅದನ್ನೂ ಕಾನೂನು ಮಾಡಿದರು. ಎಲ್ಲರೂ ವರ್ಷಕ್ಕೊಂದು ದಿನ ಹೆಚ್ಚುವರಿ ಸಂಬಳವಿಲ್ಲದೆ ದುಡಿಯಬೇಕು, ಅದರಿಂದ ಬಂದ ಹಣ ವೃದ್ಧರ ಆರೈಕೆಗೆ. ಇದಕ್ಕಾಗಿ ಯಾವ ರಜೆಯನ್ನು ಕತ್ತರಿಸಿದರು? ಪೆಂಟೆಕೋಸ್ಟ್ ಎಂಬ ಕ್ರೈಸ್ತ ಹಬ್ಬದ ಸೋಮವಾರವನ್ನು. ಅದು ಬರುವುದು ಮೇ ಅಥವಾ ಜೂನ್ ತಿಂಗಳಲ್ಲಿ. ಆಗಸ್ಟಿನ ಪಾಪಕ್ಕೆ ಮೇ ತಿಂಗಳಿಗೆ ದಂಡ. ಜನ ಅದನ್ನೂ ಒಪ್ಪಲಿಲ್ಲ. 2008ರಲ್ಲಿ ಯಾವ ದಿನವೆಂಬುದನ್ನು ಆಯಾ ಕಂಪನಿಗಳಿಗೇ ಬಿಟ್ಟುಬಿಟ್ಟರು, ಪೆಂಟೆಕೋಸ್ಟ್ ಸೋಮವಾರ ಮತ್ತೆ ಬಹುಮಂದಿಗೆ ರಜೆಯಾಯಿತು. 2025ರ ಜುಲೈಯಲ್ಲಿ ಪ್ರಧಾನಿ ಬೈರೂ, ಖಜಾನೆ ಬರಿದಾಗಿದೆ, ಈಸ್ಟರ್ ಸೋಮವಾರ ಮತ್ತು ಎರಡನೆಯ ಮಹಾಯುದ್ಧದ ವಿಜಯದ ದಿನವಾದ ಮೇ 8 ಎರಡೂ ರಜೆ ಬೇಡ ಎಂದರು. ಸೆಪ್ಟೆಂಬರಿನಲ್ಲಿ, ಎಲ್ಲರೂ ಮೈ ಕಂದಿಸಿಕೊಂಡು ಮರಳಿದ ಮೇಲೆ, ವಿಶ್ವಾಸಮತ ಸೋತರು. ಈಸ್ಟರ್ ಸೋಮವಾರ ಉಳಿಯಿತು, ಪ್ರಧಾನಿ ಉಳಿಯಲಿಲ್ಲ. ಗಮನಿಸಿ, ಆ ಮಹಾನುಭಾವರು ಕೂಡ ಆಗಸ್ಟ್ 15ರ ತಂಟೆಗೆ ಹೋಗಿರಲಿಲ್ಲ. 1905ರಲ್ಲಿಯೇ ಚರ್ಚನ್ನು ಸರ್ಕಾರದಿಂದ ಹೊರಗಟ್ಟಿ, ಶಾಲೆಯ ಹುಡುಗಿಯರ ತಲೆಯ ಬಟ್ಟೆಯ ಮೇಲೂ ಕಣ್ಣಿಟ್ಟಿರುವ ಈ ಜಾತ್ಯತೀತ ದೇಶವು ಆಗಸ್ಟ್ 15ರಂದು ಕನ್ಯಾ ಮರಿಯಳ ಸ್ವರ್ಗಾರೋಹಣಕ್ಕಾಗಿ ಅಚ್ಚುಕಟ್ಟಾಗಿ ಬಾಗಿಲು ಮುಚ್ಚುತ್ತದೆ. ರಜೆಯ ವಿಷಯ ಬಂದಾಗ ಎಲ್ಲರೂ ಆಸ್ತಿಕರು.

ಊರಲ್ಲಿ ಉಳಿಯುವವರೆಂದರೆ ಲಾ ಶಪೆಲ್ ಕಡೆಯ ಶ್ರೀಲಂಕಾ ತಮಿಳರು, ಆಫ್ರಿಕಾದ ಮಾಲಿ ದೇಶದವರು, ಬಾಂಗ್ಲಾದವರು, ನಮ್ಮಂಥ ಕೆಲವು ಕನ್ನಡಿಗರು. ವರ್ಷವಿಡೀ ಪ್ಯಾರಿಸ್ಸಿನ ಪಾತ್ರೆ ತೊಳೆಯುವ ಕೈಗಳಲ್ಲಿ ಹೆಚ್ಚಿನವು ಇವರವೇ. ಆಗಸ್ಟ್ ಕೊನೆಯ ಹೊತ್ತಿಗೆ ಲಾ ಶಪೆಲ್‌ನ ಮಾಣಿಕ್ಕ ವಿನಾಯಕರ್ ದೇವಸ್ಥಾನದಿಂದ ಗಣಪತಿಯ ತೇರು ಹೊರಡುತ್ತದೆ. ಬೀದಿಯಲ್ಲಿ ರಾಶಿ ರಾಶಿ ತೆಂಗಿನಕಾಯಿ ಒಡೆಯುತ್ತಾರೆ, ಅಂಗಡಿಯವರು ದಾರಿಹೋಕರಿಗೆಲ್ಲ ಪಾನಕ, ಪ್ರಸಾದ ಹಂಚುತ್ತಾರೆ. ಪ್ರವಾಸಿಗರು ಕಣ್ಣರಳಿಸಿ ಕ್ಯಾಮೆರಾ ಹಿಡಿದು ಪ್ಯಾರಿಸ್ಸಿನ ಊಟವನ್ನು ಕೊನೆಗೂ ಅಲ್ಲಿ ಉಣ್ಣುತ್ತಾರೆ, ದೊನ್ನೆಯಲ್ಲಿ. ನಾನೂ ಹೋಗುತ್ತೇನೆ. ಭಕ್ತಿಯೂ ಇದೆ, ಹಸಿವೂ ಇದೆ, ಪ್ರಮಾಣ ಕೇಳಬೇಡಿ.

ನಮ್ಮ ಬಡಾವಣೆಯಲ್ಲಿ ಒಂದು ದೋಸೆ ಹೋಟೆಲಿದೆ. ಯಜಮಾನರು ಪುದುಚೇರಿಯವರು, ಅವರು ತಮಿಳಿನಲ್ಲಿ, ನಾನು ಕನ್ನಡದಲ್ಲಿ ಮಾತನಾಡುತ್ತೇವೆ, ನಡುವೆ ಬಿಲ್ ಮಾತ್ರ ಫ್ರೆಂಚಿನಲ್ಲಿ ಬರುತ್ತದೆ. ಆಗಸ್ಟಿನಲ್ಲಿ ನನಗಿದ್ದ ದಿಕ್ಕು ಅವರೇ. ಕಳೆದ ಬೇಸಗೆಯಲ್ಲಿ ಹೋಗಿ ನೋಡಿದರೆ ಮಾವಿನೆಲೆಯ ಪ್ಲಾಸ್ಟಿಕ್ ತೋರಣದ ಕೆಳಗೆ ಚೀಟಿ ಅಂಟಿಸುತ್ತಿದ್ದರು. ಸೂರ್ಯನೂ ಇದ್ದ, ಕೊಡೆಯೂ ಇತ್ತು.

“ಏನು ಸಾರ್, ನೀವೂನಾ?”

“ಏನು ಮಾಡುವುದು ಸಾರ್, ಆಗಸ್ಟಿನಲ್ಲಿ ಗಿರಾಕಿಗಳೇ ಇಲ್ಲ.”

“ಎಲ್ಲ ಹೋಟೆಲೂ ಮುಚ್ಚಿದರೆ ಗಿರಾಕಿ ಎಲ್ಲಿಂದ ಬರಬೇಕು? ನಾನು ಬಂದಿದ್ದೇನಲ್ಲ.”

“ನಿಮ್ಮೊಬ್ಬರ ಮಸಾಲೆ ದೋಸೆಗೆ ತಿಂಗಳಿಡೀ ಕಾವಲಿ ಕಾಯಿಸಲಾ?”

ಚೀಟಿಯ ನಾಲ್ಕನೆಯ ಮೂಲೆಗೂ ಟೇಪ್ ಹಚ್ಚಿ, ಷಟರ್ ಎಳೆದು, ಬೀಗ ಹಾಕಿ, ಬೀಗವನ್ನು ಎರಡು ಸಲ ಜಗ್ಗಿ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, ನಿಜವಾದ ಕಳಕಳಿಯಿಂದಲೇ ಕೇಳಿದರು: “ನೀವು ಎಲ್ಲಿಗೂ ಹೋಗುತ್ತಿಲ್ಲವಾ ಸಾರ್? ಹಾಗಾದರೆ ಊಟಕ್ಕೆ ಏನು ಮಾಡುತ್ತೀರಿ?”