ಎಳೆಯುವ ಗಾಡಿಗೆ ಡೀಸೆಲ್ಲೂ ಇರಲಿ, ಮೋಟರೂ ಇರಲಿ

ಸೇಡಂ, ಮಳಖೇಡ, ವಾಡಿ ಕಡೆ ಸಿಮೆಂಟ್ ತುಂಬಿದ ಟ್ರೇಲರ್ ನಿಂತಲ್ಲಿಂದ ಕದಲುವುದನ್ನು ನೋಡಿದ್ದೀರಾ? 55 ಟನ್ ಭಾರಕ್ಕೆ ಮೊದಲ ಹತ್ತು ಅಡಿಯೇ ಕಷ್ಟ. ಡೀಸೆಲ್ ಇಂಜಿನ್ ತಿರುಗುತ್ತಿದ್ದರಷ್ಟೇ ಬಲ ಕೊಡುತ್ತದೆ, ಅದಕ್ಕೇ ಕ್ಲಚ್ ಸವೆಯುತ್ತದೆ, ಹೊಗೆ ಏಳುತ್ತದೆ. ವಿದ್ಯುತ್ ಮೋಟರ್ ಮಾತ್ರ ಗಾಲಿ ಕದಲುವ ಮೊದಲೇ ಪೂರ್ತಿ ಟಾರ್ಕ್, ಅಂದರೆ ತಿರುಗಿಸುವ ಬಲ, ಕೊಡುತ್ತದೆ.

ರೈಲ್ವೆಯವರಿಗೆ ಇದು ಹಳೇ ವಿದ್ಯೆ. 1962ರಲ್ಲಿ ಬಂದ ಡಬ್ಲ್ಯೂಡಿಎಂ-2 ಲೋಕೋದಲ್ಲಿ 2,600 ಅಶ್ವಶಕ್ತಿಯ ಡೀಸೆಲ್ ಇಂಜಿನ್ ಕರೆಂಟ್ ಹುಟ್ಟಿಸುತ್ತಿತ್ತು, ಗಾಲಿ ತಿರುಗಿಸುತ್ತಿದ್ದುದು ಮೋಟರುಗಳು. ಸರ್ಕಾರಿ ಕಂಪನಿ ಬಿಇಎಂಎಲ್‌ನ 205 ಟನ್ ಗಣಿ ಡಂಪರ್ ಕೂಡ ಹೀಗೇ ಓಡುತ್ತದೆ. ಲೋಕೋ ಬ್ರೇಕ್ ಹಾಕಿದಾಗ ಅದೇ ಮೋಟರುಗಳಲ್ಲಿ ಹುಟ್ಟುವ ಕರೆಂಟು ಬಿಸಿಯಾಗಿ ಗಾಳಿಗೆ ಹೋಗುತ್ತಿತ್ತು. ನಡುವೆ ಬ್ಯಾಟರಿ ಇಟ್ಟರೆ ಅದು ಉಳಿಯುತ್ತದೆ. ನಾನು ಹೇಳುವ ಹೈಬ್ರಿಡ್ ಅಂದರೆ ಇಷ್ಟೇ.

ಹಾಗಂತ ಎಲ್ಲ ಲಾರಿಗೂ ಇದು ಬೇಕು ಅನ್ನುವವನಲ್ಲ ನಾನು. ಹುಮನಾಬಾದ್ ದಾಟಿ ಹೈದರಾಬಾದಿಗೆ ಒಂದೇ ವೇಗದಲ್ಲಿ ಓಡುವ ಗಾಡಿಗೆ ಡೀಸೆಲ್ಲಿನ ಬಲವನ್ನು ಕರೆಂಟು ಮಾಡಿ, ಕರೆಂಟನ್ನು ಮತ್ತೆ ಬಲ ಮಾಡಿದರೆ ದಾರಿಯಲ್ಲೇ ಒಂದಿಷ್ಟು ಸೋರುತ್ತದೆ. ಅಲ್ಲಿ ನೇರ ಗೇರೇ ಲೇಸು. ಸುಣ್ಣದ ಕಲ್ಲಿನ ಗಣಿಯಲ್ಲೂ ಭರ್ತಿ ಗಾಡಿ ಹಳ್ಳದಿಂದ ಮೇಲೇರಿ, ಖಾಲಿ ಗಾಡಿ ಕೆಳಗಿಳಿಯುತ್ತದೆ, ಬ್ರೇಕಿನಿಂದ ದಕ್ಕುವುದು ಅಲ್ಪ.

ನನ್ನ ಕಣ್ಣಿರುವುದು ಕೆಟ್ಟ, ಮಗುಚಿದ ಲಾರಿಗಳನ್ನು ಎತ್ತಿ ಎಳೆದೊಯ್ಯುವ ರಿಕವರಿ ಗಾಡಿಗಳ ಮೇಲೆ. ಹೆದ್ದಾರಿ 65ರಲ್ಲೋ 50ರಲ್ಲೋ ಭರ್ತಿ ಲಾರಿ ಮಗುಚಿದರೆ ಅದನ್ನು ಎತ್ತಿ ನಿಲ್ಲಿಸಲು ಗಂಟೆಗಟ್ಟಲೆ ಹಿಡಿಯುತ್ತದೆ. ಅಷ್ಟು ಹೊತ್ತೂ ಗಾಡಿಯ ದೊಡ್ಡ ಇಂಜಿನ್ ಗುಡುಗುತ್ತಲೇ ಇರಬೇಕು, ಯಾಕೆಂದರೆ ಕ್ರೇನಿಗೂ ಹಗ್ಗ ಸುತ್ತಿ ಎಳೆಯುವ ವಿಂಚಿಗೂ ಬಲ ಕೊಡುವ ಹೈಡ್ರಾಲಿಕ್ ಪಂಪ್ ತಿರುಗಿಸುವುದು ಅದೇ. ಹೊಗೆಯ ನಡುವೆ ಹುಡುಗರು ಸರಪಳಿ ಬಿಗಿಯುತ್ತಾರೆ, ಒಬ್ಬನ ಕೂಗು ಇನ್ನೊಬ್ಬನಿಗೆ ಕೇಳುವುದಿಲ್ಲ. ಕೇಳದಿದ್ದರೆ ಕೈ ಹೋಗಬಹುದು, ಜೀವವೂ ಹೋಗಬಹುದು. ಪಂಪಿಗೆ ಬ್ಯಾಟರಿಯ ಮೋಟರ್ ಕೂರಿಸಿದರೆ ಇಂಜಿನ್ ಆಫ್ ಮಾಡಿ ಕೆಲಸ ಮಾಡಬಹುದು. ಬ್ಯಾಟರಿ ಇಳಿದರೆ ಡೀಸೆಲ್ ಇದ್ದೇ ಇದೆ, ನಡುರಾತ್ರಿ ಚಾರ್ಜರ್ ಹುಡುಕಬೇಕಿಲ್ಲ. ನಂತರ ಆ ಲಾರಿಯನ್ನು ಕಟ್ಟಿಕೊಂಡು ನಿಂತಲ್ಲಿಂದ ಹೊರಡುವಾಗಲೂ ಮೋಟರಿನ ಬಲ ಒದಗುತ್ತದೆ. ಕೆನಡಾದ ಎಡಿಸನ್ ಮೋಟರ್ಸ್ ಮರದ ದಿಮ್ಮಿ ಸಾಗಿಸಲು ಡೀಸೆಲ್-ವಿದ್ಯುತ್ ಲಾರಿಯನ್ನೇ ಕಟ್ಟಿದೆ, ನಮ್ಮವರ ಕೈಲಾಗದ ಕೆಲಸವೇನಲ್ಲ.

ನಮ್ಮ ಬಿಸಿಲಿಗೆ ಬ್ಯಾಟರಿ ತಂಪಾಗಿಡುವ ಏರ್ಪಾಡು ಗಟ್ಟಿ ಇರಬೇಕು, ಅದರಲ್ಲಿ ಉಳಿತಾಯ ನೋಡಬಾರದು.

2025ರಲ್ಲಿ ಕೇಂದ್ರ ಸರ್ಕಾರ ವಿದ್ಯುತ್ ಲಾರಿಗಳಿಗೆ 9.6 ಲಕ್ಷ ರೂಪಾಯಿವರೆಗೆ ನೆರವು ಘೋಷಿಸಿತು. ಹೈಬ್ರಿಡ್ ರಿಕವರಿ ಗಾಡಿಗೂ ಅಂಥ ನೆರವು ಸಿಗಲಿ. ಕಲಬುರಗಿಯ ಐಟಿಐ ಹುಡುಗರಿಗೆ ಹೈವೋಲ್ಟೇಜ್ ರಿಪೇರಿ ಈಗಲೇ ಕಲಿಸಲಿ. ಮಿಸ್ತ್ರಿ ಊರಲ್ಲೇ ಸಿಗುತ್ತಾನೆ ಅಂತ ಗೊತ್ತಾಗದ ಹೊರತು ಯಾವ ಮಾಲೀಕನೂ ಇಂಥ ಗಾಡಿಗೆ ದುಡ್ಡು ಹಾಕುವುದಿಲ್ಲ.